ಕೀಲಿಯಕ್ಕನ ಬೆರಳು

ನಮ್ಮ ಆಫೀಸಿನಲ್ಲಿ ಮೂವತ್ತೆಂಟು ಜನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. ಆ ಮೂವತ್ತೆಂಟು ಕಂಪ್ಯೂಟರುಗಳ ಪಾಸ್‌ವರ್ಡೂ ಒಬ್ಬಳೇ ಹೆಂಗಸಿಗೆ ಗೊತ್ತಿತ್ತು. ಆ ಹೆಂಗಸಿಗೆ ಓದಲು ಬರುತ್ತಿರಲಿಲ್ಲ. ಹೊರಗಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಅದೇನು ಆಫೀಸೋ ಸಂತೆಯೋ ಎಂದು ಕೇಳುತ್ತಾರೆ. ನಗುವವರು ನಗಲಿ. ಹತ್ತೊಂಬತ್ತು ವರ್ಷ ಅದು ಹಾಗೆಯೇ ನಡೆದುಕೊಂಡು ಬಂತು, ಒಂದು ದಿನವೂ ಕೆಲಸ ನಿಲ್ಲಲಿಲ್ಲ. ನಿಂತದ್ದು ಒಂದೇ ಸಲ. ಅದು ಯಾರಿಂದ ನಿಂತಿತು ಎಂದು ಎದುರಿಗೆ ಕೂರಿಸಿ ಕೇಳಿದರೆ ನಾನು ಇವತ್ತಿಗೂ ತಲೆ ಕೆರೆದುಕೊಳ್ಳುತ್ತೇನೆ.

ನಮ್ಮದು ಔಷಧ ಹಂಚುವ ಕಂಪನಿ. ಕೆಳಗಡೆ ಗೋದಾಮು, ಅದರೊಳಗೆ ಕೆಡುವ ಔಷಧಗಳಿಗಾಗಿ ಎರಡು ತಣ್ಣನೆಯ ಕೋಣೆ. ಮೇಲ್ಗಡೆ ಆಫೀಸು. ಔಷಧದ ಅಂಗಡಿಗಳವರು ಏನೇನು ಬೇಕೆಂದು ಬರೆದು ಕಳಿಸುತ್ತಾರೆ, ನಾವು ಅದನ್ನು ಕಂಪ್ಯೂಟರಿಗೆ ಹಾಕುತ್ತೇವೆ, ಕೆಳಗಿನವರು ಡಬ್ಬಿ ಕಟ್ಟಿ ವ್ಯಾನಿಗೆ ಏರಿಸುತ್ತಾರೆ. ನಾನು ಆರ್ಡರ್ ವಿಭಾಗದ ಹಿರಿಯ ಗುಮಾಸ್ತ. ಪಾಸ್‌ವರ್ಡ್ ಗೊತ್ತಿದ್ದ ಆ ಅಕ್ಕ ಮೇಲ್ಗಡೆಯ ಅಟೆಂಡರ್. ಫೈಲು ಹೊರುವುದು, ಟೀ ಕೊಡುವುದು, ಬೆಳಗ್ಗೆ ಎಂಟಕ್ಕೆ ಬಂದು ಮೇಜುಗಳನ್ನು ಒರೆಸುವುದು ಅವಳ ಕೆಲಸ. ಅವಳನ್ನು ಕೀಲಿಯಕ್ಕ ಎಂದು ಕರೆಯಲು ಶುರು ಮಾಡಿದವನು ನಾನೇ. ಸೇರಿದ ಮೊದಲ ವಾರವೇ ಅವಳು ಎಲ್ಲರಿಗೂ ಹೇಳಿಬಿಟ್ಟಿದ್ದಳು: "ಅಕ್ಕ ಅಂದಮೇಲೆ ಬಾ ಹೋಗು ಅಂದ್ರೆ ಸಾಕು. ಬನ್ನಿ ಹೋಗಿ ಅಂದ್ರೆ ಯಾರನ್ನೋ ಕರೀತಿದ್ದಾರೆ ಅನ್ಸುತ್ತೆ ನಂಗೆ."

ಪಾಸ್‌ವರ್ಡಿನ ಕಥೆ ಶುರುವಾದದ್ದು ಮೇಜು ಒರೆಸುವುದರಿಂದ. ಅಕ್ಕ ಕೀಬೋರ್ಡನ್ನು ಎಲ್ಲರಂತೆ ಒಂದೇ ಸಲ ಸವರಿ ಬಿಡುವವಳಲ್ಲ. ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ಕೀಲಿಯನ್ನು ಒರೆಸುತ್ತಿದ್ದಳು. ಅವಳ ಲೆಕ್ಕದಲ್ಲಿ ಅದರಲ್ಲಿ ನಾಲ್ಕು ಬೀದಿಗಳಿದ್ದವು: ಅಂಕಿ ಬೀದಿ, ಮೇಲಿನ ಬೀದಿ, ನಡುಬೀದಿ, ಕೆಳಬೀದಿ. ಪ್ರತಿ ಬೀದಿಯಲ್ಲಿ ಮನೆಗಳು. ಎಂಟರ್ ಕೀಲಿ ಅವಳಿಗೆ ಬಾಗಿಲು. ಒಂದು ದಿನ ನನ್ನ ಪಾಸ್‌ವರ್ಡ್ ಮರೆತುಹೋಗಿ ಮೂರು ಸಲ ತಪ್ಪು ಒತ್ತಿ ಕೂತಿದ್ದಾಗ ಅವಳು ಟೀ ಲೋಟ ಇಟ್ಟು, "ನಿನ್ನೆ ನೀನು ನಡುಬೀದಿ ಮೂರನೇ ಮನೆಯಿಂದ ಹೊರಟೆ ತಮ್ಮಾ, ಈಗ ನಾಲ್ಕನೇದನ್ನ ತಟ್ತಿದ್ದೀಯ" ಎಂದಳು. ನಾನು ನಕ್ಕೆ. ಅವಳು ಹೇಳಿದಂತೆ ಒತ್ತಿದೆ. ತೆರೆದುಕೊಂಡಿತು.

ಆಮೇಲೆ ಕಂಪ್ಯೂಟರ್ ನೋಡಿಕೊಳ್ಳುವವರು ಒಂದು ನಿಯಮ ತಂದರು. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಾಯಿಸಬೇಕು, ಅದರಲ್ಲಿ ದೊಡ್ಡಕ್ಷರ, ಅಂಕಿ, ಒಂದು ವಿಚಿತ್ರ ಚಿಹ್ನೆ ಇರಲೇಬೇಕು, ಎಲ್ಲಿಯೂ ಬರೆದಿಡಬಾರದು. ನಾವು ಕಣ್ಣು ಕಣ್ಣು ಬಿಟ್ಟೆವು. ಬರೆದಿಡಬಾರದು ಎಂದಮೇಲೆ ಬರೆಯಲು ಬಾರದವಳ ಹತ್ತಿರ ಇಡುವುದಕ್ಕಿಂತ ಭದ್ರವಾದ ಜಾಗ ಯಾವುದು? ಇದು ನಮ್ಮ ತರ್ಕ. ಪ್ರತಿ ತಿಂಗಳ ಮೊದಲ ದಿನ ಅಕ್ಕ ಒಂದೊಂದು ಮೇಜಿನ ಪಕ್ಕ ನಿಲ್ಲುತ್ತಿದ್ದಳು, ನಾವು ಹೊಸದನ್ನು ಒತ್ತುತ್ತಿದ್ದೆವು, ಅವಳು ಒಂದೇ ಸಲ ನೋಡುತ್ತಿದ್ದಳು. ಮುಗಿಯಿತು. ಮಾರನೆಯ ದಿನ ಮರೆತವರು "ಅಕ್ಕಾ" ಎಂದು ಕೂಗಿದರೆ ಬಂದು, ಕೈ ಒರೆಸಿಕೊಂಡು, ತೋರುಬೆರಳಿನಿಂದ ಟಕ ಟಕ ಒತ್ತಿ ಬಾಗಿಲು ತಟ್ಟಿ ಹೋಗುತ್ತಿದ್ದಳು. ಒಬ್ಬರದನ್ನು ಇನ್ನೊಬ್ಬರಿಗೆ ಒಮ್ಮೆಯೂ ತೆರೆದುಕೊಟ್ಟವಳಲ್ಲ. ನಾನು ರಜೆಯಲ್ಲಿದ್ದಾಗ ಮ್ಯಾನೇಜರೇ ಬಂದು ನನ್ನ ಕಂಪ್ಯೂಟರ್ ತೆಗೆದುಕೊಡು ಎಂದಿದ್ದರಂತೆ. "ಅವನೇ ಬರಲಿ ಸಾರ್" ಎಂದು ಹೇಳಿ ಪೊರಕೆ ಹಿಡಿದುಕೊಂಡು ಹೋದಳಂತೆ.

ಅವಳ ಮನೆಗೆ ನಾನು ಎರಡು ಸಲ ಹೋಗಿದ್ದೇನೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಗಂಡ ತೀರಿಕೊಂಡಾಗ ಅಕ್ಕನಿಗೆ ಮೂವತ್ತು ವರ್ಷ. ಅತ್ತೆ ಸೊಸೆ ಇಬ್ಬರೂ ಅಲ್ಲೇ ಉಳಿದುಕೊಂಡರು, ದಿನಾ ಜಗಳವಾಡುತ್ತ, ದಿನಾ ಒಬ್ಬರಿಗೊಬ್ಬರು ಕಾಯುತ್ತ. ಅತ್ತೆಗೆ ಈಗ ಎಂಬತ್ತನಾಲ್ಕು. ನಾನು ಹೋದಾಗ ನನ್ನ ಕೈ ಹಿಡಿದುಕೊಂಡು ಕೇಳಿದ್ದರು: "ನನ್ನ ಸೊಸೆ ಹೋಗದಿದ್ರೆ ನಿಮ್ಮ ಕಂಪನಿ ಶುರುವೇ ಆಗಲ್ವಂತೆ, ಹೌದೇನಪ್ಪ?" "ಹೌದಮ್ಮ" ಎಂದಿದ್ದೆ. ಅಕ್ಕ ಒಳಗಿನಿಂದ, "ಸುಮ್ನಿರಿ ಅತ್ತೆ, ಬಂದವರ ತಲೆ ತಿನ್ಬೇಡಿ" ಎಂದು ಗದರಿದ್ದಳು. ಆ ಇಬ್ಬರ ಊಟ, ಬಾಡಿಗೆ, ಅತ್ತೆಯ ಮಾತ್ರೆ ಎಲ್ಲ ಅಕ್ಕನ ಸಂಬಳದಲ್ಲೇ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಎರಡು ವರ್ಷ ದೂಡಿಬಿಟ್ಟರೆ ಗೆದ್ದೆ ಎಂದು ಅವಳು ಆಗಾಗ ಹೇಳುತ್ತಿದ್ದಳು.

ಇಷ್ಟರಲ್ಲಿ ನಮ್ಮ ಯಜಮಾನರು ಒಳ್ಳೆಯವರಾದರು. ಅಂದರೆ ಅವರ ಪತ್ರಗಳು ಒಳ್ಳೆಯವಾದವು. ಮೊದಲೆಲ್ಲ ಅವರು ಕಳಿಸುತ್ತಿದ್ದ ಮೇಲ್ ಹೀಗಿರುತ್ತಿತ್ತು: "ನಿನ್ನೆ ವ್ಯಾನ್ ಯಾಕೆ ಲೇಟು? ಎಲ್ಲರೂ ಕತ್ತೆ ಕಾಯ್ತಿದ್ರಾ?" ಸಾಲಿಗೆ ಮೂರು ತಪ್ಪು, ಕೊನೆಗೆ ಸಹಿಯೂ ಇಲ್ಲ. ಒಂದು ಸೋಮವಾರ ಅವರಿಂದ ಬಂದ ಮೇಲ್, "ಪ್ರಿಯ ಸಹೋದ್ಯೋಗಿಗಳೇ, ನಿಮ್ಮ ಅಮೂಲ್ಯ ಪರಿಶ್ರಮಕ್ಕೆ ನಾನು ಸದಾ ಕೃತಜ್ಞ" ಎಂದು ಶುರುವಾಯಿತು. ಕ್ಯಾಷಿಯರು ಓದಿ ಕುರ್ಚಿಗೆ ಕುಸಿದರು. "ಕಂಪನಿ ಮುಚ್ತಿದ್ದಾರೆ ಕಣ್ರೀ" ಎಂದರು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಯಜಮಾನರು ಪತ್ರ ಬರೆಯುವ ಹೊಸ ಯಂತ್ರಬುದ್ಧಿಯೊಂದನ್ನು ಇಟ್ಟುಕೊಂಡಿದ್ದಾರೆ ಎಂದು. ಇವರು ಎರಡು ಪದ ಹೇಳಿದರೆ ಅದು ಎರಡು ಪುಟ ವಿನಯ ಬರೆಯುತ್ತದೆ. ಎದುರಿಗೆ ಸಿಕ್ಕಾಗ ಯಜಮಾನರು ಎಂದಿನಂತೆ ಬೈಯುತ್ತಿದ್ದರು, ಪತ್ರದಲ್ಲಿ ಮಾತ್ರ ದೇವರಂಥ ಮನುಷ್ಯ. ನಿಜವಾದ ಯಜಮಾನರು ಯಾರು ಎಂದು ನಮಗೆ ಗೊಂದಲವಾಗತೊಡಗಿತು.

ಅದೇ ಯಂತ್ರಬುದ್ಧಿಯ ಒಬ್ಬ ತಮ್ಮ ನನ್ನ ವಿಭಾಗಕ್ಕೂ ಬಂದ. ಅಂಗಡಿಯವರು ಬರೆದು ಕಳಿಸಿದ್ದನ್ನು ಅದೇ ಓದಿಕೊಂಡು ಅದೇ ತುಂಬುತ್ತದಂತೆ. ನಾವು ಆರು ಜನರಿದ್ದೆವು, ಮೂವರನ್ನು ಮನೆಗೆ ಕಳಿಸಿದರು, ಆಫೀಸಿನಲ್ಲಿ ನಲವತ್ತೊಂದು ಇದ್ದವರು ಮೂವತ್ತೆಂಟಾದೆವು. ಕಳಿಸಿದ ಪತ್ರವೂ ಅತ್ಯಂತ ವಿನಯದ್ದೇ. ಉಳಿದವರ ಪೈಕಿ ಇಬ್ಬರು ಗೋದಾಮಿನ ಕಡೆಗೆ ಹೋದರು. ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದವು. ಯಂತ್ರ ಹತ್ತರಲ್ಲಿ ಒಂಬತ್ತನ್ನು ಸರಿಯಾಗಿ ತುಂಬುತ್ತಿತ್ತು, ಹತ್ತನೆಯದರಲ್ಲಿ ಕೆಮ್ಮಿನ ಔಷಧ ಕೇಳಿದವರಿಗೆ ಕಣ್ಣಿನ ಹನಿ ಹಾಕುತ್ತಿತ್ತು. ಯಾವುದು ಆ ಹತ್ತನೆಯದು ಎಂದು ಹುಡುಕಲು ಹತ್ತನ್ನೂ ನಾನೇ ಓದಬೇಕಿತ್ತು. ಇದರಿಂದ ನನ್ನ ಕೆಲಸ ಕಡಿಮೆಯಾಯಿತೋ ಜಾಸ್ತಿಯಾಯಿತೋ ಎಂದು ಯಾರನ್ನಾದರೂ ಕೇಳಬೇಕೆನಿಸುತ್ತಿತ್ತು, ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಬಂದವರು ಗಂಡಾಂತರ ಮೇಡಂ. ವಿಮೆ ಮಾಡಿಸಬೇಕಾದರೆ ಕಂಪನಿಗೆ ಯಾವ ಯಾವ ಅಪಾಯಗಳಿವೆ ಎಂದು ಒಂದು ಪಟ್ಟಿ ಬೇಕಂತೆ, ಅದನ್ನು ಮಾಡಲು ಯಜಮಾನರು ಅವರನ್ನು ಕರೆಸಿದ್ದರು. ಸಣ್ಣ ವಯಸ್ಸು, ಚುರುಕು ಕಣ್ಣು, ಮಾತು ಮೃದು. ಕೆಟ್ಟವರಲ್ಲ. ಬಂದ ಮೂರನೆಯ ದಿನಕ್ಕೇ ಈ ಅಡ್ಡಹೆಸರು ಬಿದ್ದದ್ದು ಮಾತ್ರ ನಮ್ಮ ಚೇಷ್ಟೆ. ಅವರ ಹಾಳೆಯಲ್ಲಿ ಮೂರು ಉದ್ದ ಪಟ್ಟಿಗಳಿದ್ದವು: ಯಂತ್ರಬುದ್ಧಿ, ಕಂಪ್ಯೂಟರ್ ಕಳ್ಳರು, ಕೆಲಸಗಾರರ ಬದಲಾವಣೆ. ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಕೇಳುತ್ತಿದ್ದರು.

"ಈ ಮೂರರಲ್ಲಿ ನಿಮಗೆ ಯಾವುದು ದೊಡ್ಡ ಅಪಾಯ ಅನ್ಸುತ್ತೆ?" ಎಂದು ನನ್ನನ್ನು ಕೇಳಿದರು.

"ಇವು ಮೂರೂ ಬೇರೆ ಬೇರೆನಾ ಮೇಡಂ?" ಎಂದೆ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಅವರು ನಕ್ಕು ಏನೋ ಗೀಚಿಕೊಂಡರು.

"ನಿಮ್ಮ ಪಾಸ್‌ವರ್ಡ್ ಬೇರೆ ಯಾರಿಗಾದ್ರೂ ಗೊತ್ತಾ?"

ಆಗಲೇ ಅಕ್ಕ ಮೇಡಂ ಮುಂದೆ ಟೀ ಇಟ್ಟಳು. ನಾನು ಅವಳ ಮುಖ ನೋಡಲಿಲ್ಲ. "ಇಲ್ಲ ಮೇಡಂ" ಎಂದೆ. ಮೂವತ್ತೆಂಟು ಜನರೂ ಇದನ್ನೇ ಹೇಳಿದ್ದೆವು ಎಂದು ಆಮೇಲೆ ತಿಳಿಯಿತು. ಮೂವತ್ತೆಂಟು ಸಲವೂ ಟೀ ತಂದವಳು ಅಕ್ಕನೇ. ಅವಳನ್ನು ಮೇಡಂ ಕರೆದು ಕೇಳಲಿಲ್ಲ, ಅವಳಿಗೆ ಕಂಪ್ಯೂಟರ್ ಇರಲಿಲ್ಲವಲ್ಲ.

ಅದಾದ ಮೇಲಿನ ಮಂಗಳವಾರ ಮಧ್ಯಾಹ್ನ ಮೂರೂವರೆ. ನಾಲ್ಕಕ್ಕೆ ವ್ಯಾನ್ ಹೊರಡಬೇಕು, ನನ್ನ ಮುಂದೆ ಇನ್ನೂ ನಲವತ್ತು ಆರ್ಡರ್ ಬಾಕಿ. ಆಗ ಯಜಮಾನರ ಹೆಸರಿನಲ್ಲಿ ಒಂದು ಮೇಲ್ ಬಂತು. "ಪ್ರಿಯ ಸಹೋದ್ಯೋಗಿ, ನಡೆಯುತ್ತಿರುವ ಅಪಾಯ ಪರಿಶೀಲನೆಯ ಅಂಗವಾಗಿ ಕೆಳಗಿನ ಪುಟದಲ್ಲಿ ನಿಮ್ಮ ಪಾಸ್‌ವರ್ಡನ್ನು ಖಚಿತಪಡಿಸಬೇಕಾಗಿ ವಿನಂತಿ. ಇಂದು ಸಂಜೆ ನಾಲ್ಕು ಗಂಟೆಯೊಳಗೆ ಖಚಿತಪಡಿಸದ ಕಂಪ್ಯೂಟರುಗಳು ಸ್ಥಗಿತಗೊಳ್ಳುತ್ತವೆ. ನಿಮ್ಮ ಸಹಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು." ಅದೇ ವಿನಯ, ಅದೇ ಧನ್ಯವಾದ. ಮೊದಲಿನ ಯಜಮಾನರಾಗಿದ್ದರೆ ಇಷ್ಟು ಸಭ್ಯ ಪತ್ರ ನೋಡಿದೊಡನೆ ಇದು ಅವರದ್ದಲ್ಲ ಎಂದು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದೆ. ಈಗ ಹಾಗನ್ನಿಸಲಿಲ್ಲ. ಕೆಳಗಿನ ಸಾಲನ್ನು ಒತ್ತಿದೆ, ಪುಟ ತೆರೆಯಿತು, ಪಾಸ್‌ವರ್ಡ್ ಕೇಳಿತು. ನನಗೆ ನೆನಪಾಗಲಿಲ್ಲ.

"ಅಕ್ಕಾ, ಸ್ವಲ್ಪ ಬಾ!"

ಅಕ್ಕ ಬಂದಳು. ನಾನು ಎದ್ದು ಜಾಗ ಬಿಟ್ಟೆ. ಅವಳು ಬಗ್ಗಿ ಬೆರಳು ಚಾಚಿದವಳು ಹಾಗೇ ನಿಂತಳು. ಹಿಂದಕ್ಕೆ ತಿರುಗಿ ನೋಡಿದಳು.

"ತಮ್ಮಾ, ಇದು ಬೇರೆ ಥರ ಇದೆಯಲ್ಲ."

"ಏನು ಬೇರೆ?"

"ಒತ್ತೋ ಡಬ್ಬಿ ಯಾವಾಗ್ಲೂ ಇಲ್ಲಿ ಕೆಳಗಡೆ ಇರುತ್ತೆ. ಇವತ್ತು ಮೇಲಕ್ಕೆ ಹೋಗಿದೆ. ಪಕ್ಕದಲ್ಲಿ ಒಂದು ಸಣ್ಣ ಹಸಿರು ಗುರುತಿರುತ್ತೆ, ಅದೂ ಇಲ್ಲ."

"ಹೊಸದಾಗಿ ಮಾಡಿದಾರೆ ಅಕ್ಕ. ಟೈಮಿಲ್ಲ, ಒತ್ತು."

ಅವಳು ಬೆರಳನ್ನು ಕೀಲಿಯ ಮೇಲಿಟ್ಟಳು, ಒತ್ತಲಿಲ್ಲ. ಮತ್ತೆ ತಿರುಗಿದಳು. "ಯಜಮಾನ್ರನ್ನ ಒಂದ್ಸಲ ಕೇಳಿ ಬರ್ಲಾ? ಒಳಗೇ ಇದಾರೆ."

ನನಗೆ ಪಿತ್ತ ನೆತ್ತಿಗೇರಿತು. ನಲವತ್ತು ಆರ್ಡರ್, ನಾಲ್ಕು ಗಂಟೆಯ ವ್ಯಾನ್, ಕಣ್ಣಿನ ಹನಿ, ಕೆಮ್ಮಿನ ಔಷಧ, ಖಾಲಿ ಕುರ್ಚಿಗಳು, ಎಲ್ಲದರ ಸಿಟ್ಟೂ ಆ ಹೆಂಗಸಿನ ಮೇಲೆ ಹೋಯಿತು. "ನಿಂಗೆ ಓದೋಕೆ ಬರುತ್ತಾ? ಬರಲ್ಲ ತಾನೇ? ಓದೋಕೆ ಬರೋನು ನಾನು ಹೇಳ್ತಿದ್ದೀನಿ, ಇದು ಯಜಮಾನ್ರದ್ದೇ ಪತ್ರ. ಒತ್ತು ಸುಮ್ನೆ!"

ಅಕ್ಕ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಹತ್ತು ಸಲ ಟಕ ಟಕ, ಆಮೇಲೆ ಬಾಗಿಲು. ಪುಟ ಧನ್ಯವಾದ ಹೇಳಿ ಮುಚ್ಚಿಕೊಂಡಿತು. ಅವಳು ಖಾಲಿ ಲೋಟ ಎತ್ತಿಕೊಂಡು ಹೋದಳು. ನಾನು ಬೈದದ್ದನ್ನು ಕೇಳಿಸಿಕೊಳ್ಳಲು ಸುತ್ತ ಯಾರೂ ಇರಲಿಲ್ಲ. ವ್ಯಾನ್ ಸರಿಯಾಗಿ ನಾಲ್ಕಕ್ಕೆ ಹೊರಟಿತು.

ಬುಧವಾರ ಬೆಳಗ್ಗೆ ಮೂವತ್ತೆಂಟು ಸ್ಕ್ರೀನೂ ಕಪ್ಪು. ಕಪ್ಪಿನ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದು ಬೆದರಿಕೆ: ನಿಮ್ಮದೆಲ್ಲಕ್ಕೂ ನಾವು ಬೀಗ ಹಾಕಿದ್ದೇವೆ, ತೆಗೆಯಬೇಕಾದರೆ ಇಷ್ಟು ಹಣ ಕೊಡಿ. ಎಲ್ಲರೂ ಕಕ್ಕಾಬಿಕ್ಕಿಯಾಗಿ ನಿಂತೆವು. ಅಕ್ಕ ಮಾತ್ರ ಮೇಜಿಂದ ಮೇಜಿಗೆ ಹೋಗಿ ಒತ್ತುತ್ತಲೇ ಇದ್ದಳು. "ಮನೆಗಳೆಲ್ಲ ಇದ್ದಲ್ಲೇ ಇವೆ, ಬಾಗಿಲು ತೆಗೀತಿಲ್ಲ" ಎಂದಳು. ಹದಿನೈದನೆಯ ಮೇಜಿನ ಹತ್ತಿರ ಕೈ ಚೆಲ್ಲಿ ನಿಂತುಬಿಟ್ಟಳು. ಅವಳ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಕಂಡಿರಲಿಲ್ಲ. ಎರಡು ದಿನ ಎಲ್ಲವನ್ನೂ ಕಾಗದದಲ್ಲಿ ಬರೆದೆವು. ತಣ್ಣನೆಯ ಕೋಣೆಯ ಬಾಗಿಲಲ್ಲಿ ಒಬ್ಬರು ಗಂಟೆಗೊಮ್ಮೆ ಥರ್ಮಾಮೀಟರ್ ನೋಡುತ್ತ ಕೂತರು. ಅಂಗಡಿಯವರು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಶುಕ್ರವಾರ ಕಂಪ್ಯೂಟರಿನವರು ಎಲ್ಲೋ ಬೇರೆ ಕಡೆ ತೆಗೆದಿಟ್ಟಿದ್ದ ಹಳೆಯ ಪ್ರತಿಯಿಂದ ಮುಕ್ಕಾಲು ಪಾಲನ್ನು ವಾಪಸು ತಂದರು. ಕಳ್ಳರು ಒಳಗೆ ಬಂದದ್ದು ನನ್ನ ಪಾಸ್‌ವರ್ಡಿನಿಂದ ಎಂದೂ ಅವರೇ ಹೇಳಿದರು.

ಸೋಮವಾರ ಯಜಮಾನರ ಕೋಣೆಯಲ್ಲಿ ವಿಚಾರಣೆ. ಯಜಮಾನರು, ಗಂಡಾಂತರ ಮೇಡಂ, ನಾನು. ಆಫೀಸಿನ ಮೂಲೆಯ ಕ್ಯಾಮೆರಾದಲ್ಲಿ ಮಂಗಳವಾರದ ಚಿತ್ರವಿತ್ತು, ಶಬ್ದವಿರಲಿಲ್ಲ. ಅದರಲ್ಲಿ ಅಕ್ಕ ನನ್ನ ಮೇಜಿಗೆ ಬಗ್ಗಿದ್ದಾಳೆ, ನಾನು ಹಿಂದೆ ನಿಂತಿದ್ದೇನೆ. ಮೇಡಂ ಅದನ್ನು ಮೂರು ಸಲ ತಿರುಗಿಸಿ ತಿರುಗಿಸಿ ನೋಡಿದರು.

"ಅವರು ಒತ್ತೋ ಮುಂಚೆ ಎರಡು ಸಲ ನಿಮ್ಮ ಕಡೆ ತಿರುಗಿದಾರೆ. ಏನಾದ್ರೂ ಹೇಳಿದ್ರಾ?"

ಉತ್ತರ ನನ್ನ ಬಾಯಲ್ಲೇ ಇತ್ತು. ಡಬ್ಬಿ ಮೇಲೆ ಹೋಗಿದೆ ಎಂದಳು, ಹಸಿರು ಗುರುತಿಲ್ಲ ಎಂದಳು, ನಿಮ್ಮನ್ನು ಕೇಳಿ ಬರುತ್ತೇನೆ ಎಂದಳು, ನಾನೇ ಬೈದು ಒತ್ತಿಸಿದೆ. ಇಷ್ಟು ಹೇಳಿದ್ದರೆ ಅಕ್ಕನ ಕೆಲಸ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ನನ್ನ ಕುರ್ಚಿಯನ್ನು ತುಂಬಲು ಯಂತ್ರ ತುದಿಗಾಲಲ್ಲಿ ನಿಂತಿತ್ತು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ನನಗೆ ಭಯವಾಯಿತು, ಬೇರೆ ಏನೂ ಅಲ್ಲ, ಬರೀ ಭಯ.

"ನೆನಪಿಲ್ಲ ಮೇಡಂ" ಎಂದೆ.

ಅಕ್ಕನನ್ನು ಕರೆಸಿದರು. ಅವಳು ಟೀ ತಟ್ಟೆ ಹಿಡಿದೇ ಒಳಗೆ ಬಂದಳು. ವಿಚಾರಣೆಗೆ ಕರೆದಿದ್ದಾರೆಂದು ಗೊತ್ತಾದ ಮೇಲೆ ಆ ತಟ್ಟೆಯನ್ನು ಎಲ್ಲಿಡಬೇಕೋ ತೋಚದೆ ಕೈಯಲ್ಲೇ ಹಿಡಿದು ನಿಂತಳು.

"ಇವರ ಪಾಸ್‌ವರ್ಡ್ ನೀವು ಒತ್ತಿದ್ರಾ?"

"ಒತ್ತಿದೆ ಮೇಡಂ."

"ನಿಮಗೆ ಹೇಗೆ ಗೊತ್ತು ಅದು?"

"ಗೊತ್ತು."

"ಇನ್ನು ಯಾರ್ಯಾರದು ಗೊತ್ತು?"

"ಎಲ್ಲಾರದೂ."

ಮೇಡಂ ಪೆನ್ನು ಕೆಳಗಿಟ್ಟರು. "ಒಂದು ಹೇಳಿ ನೋಡೋಣ."

"ಹೇಳೋಕೆ ಬರಲ್ಲ ಮೇಡಂ. ಬೆರಳಿಗೆ ಗೊತ್ತು ಅಷ್ಟೆ."

ಯಜಮಾನರು ಮೇಡಂ ಮುಖ ನೋಡಿದರು, ಮೇಡಂ ಯಜಮಾನರ ಮುಖ ನೋಡಿದರು. ಮೂರು ವಾರ ಕೂತು ಮಾಡಿದ ಹಾಳೆಯ ಯಾವ ಪಟ್ಟಿಯಲ್ಲಿ ಇದನ್ನು ಬರೆಯಬೇಕೆಂದು ಮೇಡಂಗೆ ಹೊಳೆಯಲಿಲ್ಲ. ಕೊನೆಗೆ ಸ್ಕೇಲು ಹಿಡಿದು ನಾಲ್ಕನೆಯ ಪಟ್ಟಿಯೊಂದನ್ನು ಎಳೆದರು. ಅದರಲ್ಲಿ ಅಕ್ಕ ಒಬ್ಬಳೇ.

ಬುಧವಾರ ತೀರ್ಮಾನ ಬಂತು. ನನಗೆ ಒಂದು ಎಚ್ಚರಿಕೆಯ ಪತ್ರ, ಪ್ರಿಯ ಸಹೋದ್ಯೋಗಿ ಎಂದು ಶುರುವಾಗುವಂಥದ್ದು. ಅಕ್ಕನಿಗೆ ಶನಿವಾರವೇ ಕೊನೆಯ ದಿನ. ಇದರ ಜೊತೆಗೆ ಅವಳು ಇನ್ನೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಿತ್ತು. ಅದನ್ನು ಓದಿ ಹೇಳುವ ಕೆಲಸ ನನಗೇ ಬಂತು: "ಸಂಸ್ಥೆಯ ಕಂಪ್ಯೂಟರುಗಳಿಗೆ ಸಂಬಂಧಿಸಿದಂತೆ ನನಗೆ ತಿಳಿದಿದ್ದ ಎಲ್ಲ ಮಾಹಿತಿಯನ್ನೂ ನಾನು ಸಂಪೂರ್ಣವಾಗಿ ಮರೆತಿರುತ್ತೇನೆ ಎಂದು ಈ ಮೂಲಕ ದೃಢೀಕರಿಸುತ್ತೇನೆ."

"ಮರೆತಿದ್ದೀನಿ ಅಂತ ಹೇಗೆ ತೋರಿಸ್ಲಿ?" ಎಂದು ಅಕ್ಕ ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದಳು. "ಹಳೇದೂ ಎಲ್ಲ ಇದೆಯಲ್ಲ ತಮ್ಮಾ ತಲೇಲಿ. ಕಂಪನಿ ಬಿಟ್ಟು ಹೋದವರದೂ ಇದೆ. ತೀರಿಹೋದ ಅಕೌಂಟೆಂಟ್ ಸಾರ್‌ದೂ ಇದೆ."

"ಸುಮ್ನೆ ಒತ್ತಕ್ಕ" ಎಂದೆ. ಬಾಯಿಂದ ಆ ಮಾತು ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಒತ್ತಿದಳು.

ಮೂವತ್ತೆಂಟು ಜನರೂ ಆ ವಾರ ಅವಳ ಕಣ್ಣು ತಪ್ಪಿಸಿ ಓಡಾಡಿದೆವು. ಪಾಸ್‌ವರ್ಡುಗಳೆಲ್ಲ ಹೊಸವಾದವು. ಗುರುವಾರ ಕ್ಯಾಷಿಯರು ಮರೆತು "ಅಕ್ಕಾ" ಎಂದು ಕೂಗಿ, ಬಾಯಿ ಮುಚ್ಚಿಕೊಂಡು, ನೀರು ಬೇಕಿತ್ತು ಎಂದರು. ಅವಳು ನೀರು ತಂದುಕೊಟ್ಟಳು. ನನಗೆ ಊಟ ಸೇರುತ್ತಿರಲಿಲ್ಲ. ಆ ಮಂಗಳವಾರವನ್ನು ಎಷ್ಟು ಸಲ ತಿರುವಿ ಹಾಕಿದರೂ ತಲೆಬುಡ ಸಿಗುತ್ತಿರಲಿಲ್ಲ. ಪತ್ರ ಬರೆದವನು ಯಾರೋ ಕಳ್ಳ, ಅಂಥ ಪತ್ರಕ್ಕೆ ನಮ್ಮನ್ನು ಒಗ್ಗಿಸಿದವರು ಯಜಮಾನರು, ಪುಟ ತೆರೆದವನು ನಾನು, ಒತ್ತಿದವಳು ಅಕ್ಕ, ಇನ್ನು ಬರೆದಿಡಬಾರದೆಂಬ ನಿಯಮ ಮಾಡಿದವರು ಯಾರೋ. ಎಲ್ಲಿಂದ ಎಣಿಸಿದರೂ ತಪ್ಪು ಮುಂದಿನವರ ತಲೆಗೆ ಹೋಗುತ್ತಿತ್ತು. ನಾನು ಹೇಳಿದ ಸುಳ್ಳು ಮಾತ್ರ ಎಲ್ಲಿಗೂ ಹೋಗದೆ ನನ್ನಲ್ಲೇ ಉಳಿದಿತ್ತು.

ಶನಿವಾರ ಹನ್ನೊಂದು ಗಂಟೆಗೆ ತಡೆಯಲಾರದೆ ಯಜಮಾನರ ಕೋಣೆಗೆ ನುಗ್ಗಿದೆ. ಮೇಡಂ ಕೂಡ ಅಲ್ಲೇ ಇದ್ದರು, ಪಟ್ಟಿಯ ಕೊನೆಯ ಪ್ರತಿ ತಂದಿದ್ದರು.

"ಸಾರ್, ಅವತ್ತು ಅಕ್ಕ ಹೇಳಿದ್ಲು. ಪುಟ ಬೇರೆ ಥರ ಇದೆ ಅಂದ್ಲು, ನಿಮ್ಮನ್ನ ಕೇಳಿ ಬರ್ತೀನಿ ಅಂದ್ಲು. ನಾನೇ ಬೈದು ಒತ್ತಿಸಿದೆ. ನೆನಪಿಲ್ಲ ಅಂದಿದ್ದು ಸುಳ್ಳು ಸಾರ್. ಕಳಿಸೋದಿದ್ರೆ ನನ್ನ ಕಳಿಸಿ."

ಮೇಡಂ ನೆಟ್ಟಗೆ ಕೂತರು. "ಪುಟ ಬೇರೆ ಅಂತ ಅವರಿಗೆ ಗೊತ್ತಾಯ್ತಾ? ಓದೋಕೆ ಬರದವರಿಗೆ?" ಅವರ ಮುಖದಲ್ಲಿ ಒಂದು ಥರದ ಬೆಳಕು ಬಂತು. "ಹಾಗಿದ್ರೆ ಸಾರ್, ಇದನ್ನ ನಾವು ಪೂರ್ತಿ ಬೇರೆ ಥರ ನೋಡ್ಬೇಕಾಗುತ್ತೆ. ಮೂವತ್ತೆಂಟು ಜನರಲ್ಲಿ ಯಾರಿಗೂ ಅದು ಹೊಳೀತಿರ್ಲಿಲ್ಲ. ಅವರನ್ನ ಕಳಿಸ್ಬಾರದು."

ಯಜಮಾನರು ಗಂಟೆ ಒತ್ತಿದರು. ಅಕ್ಕ ಬಂದಳು. ಆ ಹೊತ್ತಿಗೆ ನನ್ನ ಎದೆ ಹಗುರಾಗಿತ್ತು. ನನ್ನ ಕೆಲಸ ಹೋಗುವುದು ಖಂಡಿತವಾಗಿತ್ತು, ಆದರೂ ಅಷ್ಟು ದಿನದಲ್ಲಿ ಮೊದಲ ಸಲ ನೆಟ್ಟಗೆ ಉಸಿರಾಡಿದೆ. ಅವಳು ಹೌದು ಎಂದರೆ ಸಾಕಿತ್ತು.

"ನೋಡಮ್ಮ, ಇವನು ಹೇಳ್ತಿದ್ದಾನೆ, ಅವತ್ತು ಪುಟ ಬೇರೆ ಥರ ಇದೆ ಅಂತ ನೀನು ಮೊದಲೇ ಹೇಳಿದ್ಯಂತೆ. ಹೌದಾ?"

ಅಕ್ಕ ನನ್ನ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಯಜಮಾನರ ಕಡೆ ತಿರುಗಿದಳು.

"ಇಲ್ಲ ಸಾರ್. ನಾನೇನೂ ಹೇಳ್ಲಿಲ್ಲ. ಪಾಪ, ನನ್ನ ಕೆಲಸ ಉಳಿಸ್ಬೇಕು ಅಂತ ಅವನೇ ಕಟ್ಟಿ ಹೇಳ್ತಿದ್ದಾನೆ."

"ಅಕ್ಕಾ!" ಎಂದೆ.

"ಸುಮ್ನಿರು ತಮ್ಮಾ. ಇಷ್ಟು ದಿನ ಜೊತೇಲಿದ್ದೀವಿ, ಅವ್ನಿಗೆ ಸಂಕಟ ಸಾರ್, ಅದಕ್ಕೆ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಯಜಮಾನರು ಎದ್ದು ಬಂದು ನನ್ನ ಭುಜ ತಟ್ಟಿದರು. ಆ ಮನುಷ್ಯ ಪತ್ರದಲ್ಲಲ್ಲದೆ ಬಾಯಲ್ಲಿ ನನಗೆ ಒಳ್ಳೆಯ ಮಾತಾಡಿದ್ದು ಅದೊಂದೇ ಸಲ. "ಒಳ್ಳೇ ಮನಸ್ಸು ಕಣಯ್ಯ ನಿಂದು. ನಿನ್ನಂಥವರು ಈ ಕಂಪನಿಗೆ ಬೇಕು. ಹೋಗು, ಕೆಲಸ ನೋಡು." ನಾನು ಇಲ್ಲ ಸಾರ್, ನಿಜ ಸಾರ್ ಎಂದು ತೊದಲಿದೆ. ಅವರು ನಗುತ್ತ ನನ್ನನ್ನು ಬಾಗಿಲ ತನಕ ಬಿಟ್ಟರು. ನಾನು ಹೇಳಿದ ಸುಳ್ಳನ್ನು ನಂಬಿದ್ದ ಕೋಣೆ ನಿಜವನ್ನು ನಂಬಲಿಲ್ಲ.

ಮೆಟ್ಟಿಲಿನ ಹತ್ತಿರ ಅಕ್ಕನನ್ನು ಹಿಡಿದೆ. ಅವಳ ಕೈಯಲ್ಲಿ ತನ್ನ ಊಟದ ಡಬ್ಬಿ ಇದ್ದ ಚೀಲವಿತ್ತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬರುತ್ತಿದ್ದವು.

"ಯಾಕಕ್ಕ ಹಾಗಂದೆ? ಹೌದು ಅಂದಿದ್ರೆ ನೀನು ಉಳ್ಕೋತಿದ್ದೆ. ನನ್ನ ಮೇಲೆ ಕರುಣೆನಾ? ಅಥವಾ ನನ್ನ ಮುಖಕ್ಕೆ ಹೊಡೆಯೋಕೆ ಹಾಗಂದ್ಯಾ? ಯಾವುದು ಹೇಳು."

"ಎರಡೂ ಅಲ್ಲಪ್ಪ." ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ನೀನು ಗೊತ್ತಿಲ್ದೆ ಒತ್ತು ಅಂದೆ. ನಾನು ಗೊತ್ತಿದ್ದೂ ಒತ್ತಿದೆ."

"ನಾನು ಬೈದೆ, ಅದಕ್ಕೆ ಒತ್ತಿದೆ ನೀನು."

"ಬೈಗುಳಕ್ಕಲ್ಲ. ಬೈಸ್ಕೊಂಡು ಅಭ್ಯಾಸ ಇದೆ ನಂಗೆ. ಓದೋಕೆ ಬರೋನು ಹೇಳ್ತಿದ್ದಾನೆ, ನನ್ನ ಕಣ್ಣೇ ತಪ್ಪಿರ್ಬೇಕು ಅಂದ್ಕೊಂಡೆ ತಮ್ಮಾ. ಹತ್ತೊಂಬತ್ತು ವರ್ಷ ಆ ಪುಟನೇ ದಿನಾ ನೋಡಿದ ಕಣ್ಣು ಇದು. ಆ ಹೊತ್ತಲ್ಲಿ ನಾನೇ ಈ ಕಣ್ಣನ್ನ ನಂಬಲಿಲ್ಲ. ಅವರು ನಂಬ್ಲಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

ಅವಳು ನನ್ನ ತೋಳನ್ನು ಒಮ್ಮೆ ಮುಟ್ಟಿ, ಮೆಟ್ಟಿಲು ಇಳಿದು ಹೋದಳು.